ಒಂದು ಮೊಳದ ದಾರಿ

ಪರದೇಶದಲ್ಲಿ ಸೈಕಲ್ಲಿನ ಮೇಲೆ ಪ್ರವಾಸ ಮಾಡಬೇಕೆಂದು ಹೊರಡುವವರು ಮೊಟ್ಟಮೊದಲು ಚಿಂತಿಸುವುದು ಸೈಕಲ್ಲಿನ ವಿಷಯವನ್ನು. ಅದಕ್ಕೆ ಗೇರುಗಳೆಷ್ಟು, ಟೈರು ಎಷ್ಟು ದಪ್ಪ, ಚೀಲಗಳು ಮಳೆಯನ್ನು ತಡೆಯುತ್ತವೆಯೋ ಇಲ್ಲವೋ ಎಂಬ ಜಿಜ್ಞಾಸೆ ತಿಂಗಳುಗಟ್ಟಲೆ ನಡೆಯುತ್ತದೆ. ನಕ್ಷೆಯ ಮಾತು ಬರುವುದು ಕಟ್ಟಕಡೆಗೆ. ಬಂದರೂ, 'ಅದೆಲ್ಲ ಫೋನಿನಲ್ಲಿ ಇದೆಯಲ್ಲ' ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವೇ ತಲೆಕೆಳಗಾದದ್ದು. ಸೈಕಲ್ಲು ನಮ್ಮನ್ನು ಹೊರುತ್ತದೆ, ಅಷ್ಟೆ. ಎತ್ತ ಹೋಗಬೇಕು, ಯಾವುದನ್ನು ನೋಡದೆ ಬಿಡಬೇಕು, ಎಲ್ಲಿ ಸಾಕೆಂದು ನಿಲ್ಲಬೇಕು ಎಂಬ ತೀರ್ಮಾನಗಳು ಆಗತಕ್ಕದ್ದು ನಕ್ಷೆಯ ಮೇಲೆ. ನಕ್ಷೆಯನ್ನು ಆರಿಸುವುದೆಂದರೆ ಈ ತೀರ್ಮಾನಗಳನ್ನು ಯಾರು ಮಾಡಬೇಕೆಂಬುದನ್ನು ಆರಿಸಿದಂತೆಯೇ ಸರಿ.

ಫೋನನ್ನು ಹಳಿಯುವುದು ನನ್ನ ಉದ್ದೇಶವಲ್ಲ. 'ನಾನೀಗ ಎಲ್ಲಿದ್ದೇನೆ?' ಎಂಬ ಪ್ರಶ್ನೆಗೆ ಅದು ಕೊಡುವಷ್ಟು ಖಚಿತವಾದ ಉತ್ತರವನ್ನು ಯಾವ ಕಾಗದವೂ ಕೊಡಲಾರದು. ಅಪರಿಚಿತ ನಗರವೊಂದರ ಗಲ್ಲಿಗಳಲ್ಲಿ, ಕತ್ತಲಾದ ಮೇಲೆ, ರಾತ್ರಿಯ ವಸತಿಯನ್ನು ಹುಡುಕುವಾಗ ಅದರಷ್ಟು ಉಪಕಾರಿ ಮತ್ತೊಂದಿಲ್ಲ. ಆದರೆ ಪಯಣಿಗನಿಗೆ ಆ ಒಂದು ಪ್ರಶ್ನೆ ಮಾತ್ರ ಇರುವುದಿಲ್ಲ. 'ನಾನು ಎಲ್ಲೆಲ್ಲಿಗೆ ಹೋಗಬಹುದಾಗಿತ್ತು?' ಎಂಬ ಪ್ರಶ್ನೆಯೂ ಇರುತ್ತದೆ. ಅಂಗೈಯಗಲದ ಗಾಜಿನಲ್ಲಿ ಹತ್ತಿರದ ಓಣಿ ಕಾಣಬೇಕಾದರೆ ದೂರದ ಬೆಟ್ಟ ಮರೆಯಾಗಬೇಕು. ಬೆಟ್ಟ ಕಾಣಬೇಕಾದರೆ ಓಣಿ ಮಾಯವಾಗಬೇಕು. ಎರಡನ್ನೂ ಒಟ್ಟಿಗೆ ಕಣ್ಣಿನ ಮುಂದೆ ಹರಡುವ ಶಕ್ತಿ ಕಾಗದದ ಹಾಳೆಗೇ ಉಂಟು.

ಹಾಗಾದರೆ ಎಂಥ ಹಾಳೆ? ಅಂಗಡಿಯಲ್ಲಿ ಒಂದೇ ಪ್ರದೇಶದ ನಕ್ಷೆಗಳು ಐದಾರು ಬಗೆಯವು ಸಾಲಾಗಿ ನಿಂತಿರುತ್ತವೆ. ಹೊಸಬರು ಎರಡು ತುದಿಗಳಲ್ಲಿ ಒಂದಕ್ಕೆ ವಾಲುತ್ತಾರೆ: ಮಿತವ್ಯಯಿಗಳು ಇಡೀ ದೇಶ ಒಂದೇ ಹಾಳೆಯಲ್ಲಿರುವುದನ್ನು ಕೊಳ್ಳುತ್ತಾರೆ, ಎಚ್ಚರಿಕೆಯವರು ಪ್ರತಿಯೊಂದು ಬೇಲಿಯೂ ಕಾಣುವಂಥದನ್ನು ಕೊಳ್ಳುತ್ತಾರೆ. ಇಬ್ಬರಿಗೂ ನನ್ನದೊಂದು ಸರಳವಾದ ಸೂತ್ರ. ಹಿತವಾಗಿ ತುಳಿಯುವ, ಸಾಮಾನು ಹೊತ್ತ ಪ್ರವಾಸಿಯ ಒಂದು ದಿನದ ದಾರಿ ಸುಮಾರು 80 ಕಿಲೋಮೀಟರು ಎಂದು ಇಟ್ಟುಕೊಳ್ಳೋಣ. ಹತ್ತು ಲಕ್ಷಕ್ಕೆ ಒಂದರ ಪ್ರಮಾಣದ ನಕ್ಷೆಯಲ್ಲಿ ಆ ದಾರಿ 8 ಸೆಂಟಿಮೀಟರು, ಅಂದರೆ ನಾಲ್ಕು ಬೆರಳಿನಗಲ. ನಾಲ್ಕು ಬೆರಳಿನಲ್ಲಿ ಹೆದ್ದಾರಿಗಳು ಕಾಣುತ್ತವೆಯೇ ಹೊರತು ಹಳ್ಳಿದಾರಿಗಳು ಕಾಣುವುದಿಲ್ಲ. ಐವತ್ತು ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ಅದೇ ದಾರಿ 160 ಸೆಂಟಿಮೀಟರು, ಮೂರೂವರೆ ಮೊಳ. ಅದನ್ನು ಹರಡಲು ಮೇಜು ಸಾಲದು, ನೆಲವೇ ಬೇಕು. ಎರಡು ಲಕ್ಷಕ್ಕೆ ಒಂದರಲ್ಲಿ 40 ಸೆಂಟಿಮೀಟರು, ಒಂದು ಮೊಳಕ್ಕೆ ತುಸು ಕಡಿಮೆ. ಒಂದೂವರೆ ಲಕ್ಷಕ್ಕೆ ಒಂದರಲ್ಲಿ ಮೊಳಕ್ಕಿಂತ ತುಸು ಹೆಚ್ಚು. ನನ್ನ ಸೂತ್ರವೆಂದರೆ ಇದೇ: ದಿನದ ದಾರಿ ಒಂದು ಮೊಳದ ಆಸುಪಾಸಿನಲ್ಲಿರಬೇಕು. ಆಗ ಬೆಳಗಿನ ಊರು, ಸಂಜೆಯ ಊರು, ಅವುಗಳ ನಡುವಣ ದಾರಿಗಳು, ದಾರಿಯ ಎಡಬಲದ ಆಸೆಗಳು, ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತವೆ.

ವಿವರ ಹೆಚ್ಚಿದಷ್ಟೂ ನಕ್ಷೆ ಉತ್ತಮವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆಯ ಐವತ್ತು ಸಾವಿರಕ್ಕೆ ಒಂದರ ಮಾಲೆಯನ್ನೇ ನೋಡಿ. ಮುದ್ರಿತ ನಕ್ಷೆಗಳಲ್ಲಿ ಅಂಥ ಸೌಂದರ್ಯ ಅಪರೂಪ; ಹೊಲದ ನಡುವಿನ ಕಾಲುದಾರಿ, ಚರ್ಚಿನ ಗೋಪುರ, ಹಳ್ಳಿಯ ಹೆಂಡದಂಗಡಿ, ಯಾವುದನ್ನೂ ಅದು ಮರೆಯುವುದಿಲ್ಲ. ಆದರೆ ಆ ದ್ವೀಪವನ್ನು ಮುಚ್ಚಲು ಅಂಥ ಹಾಳೆಗಳು 204 ಬೇಕು. ಒಂದೊಂದು ಹಾಳೆಯಲ್ಲಿ 40 ಕಿಲೋಮೀಟರು ಅಗಲ, 40 ಕಿಲೋಮೀಟರು ಉದ್ದದ ನೆಲ. ಕಾಲ್ನಡೆಯವನಿಗೆ ಒಂದು ಹಾಳೆ ವಾರಕ್ಕೆ ಸಾಕು; ಸೈಕಲ್ಲಿನವನು ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಅಂಚಿನಿಂದ ಆಚೆ ಬಿದ್ದಿರುತ್ತಾನೆ. ಮೂರು ವಾರದ ಪ್ರವಾಸಕ್ಕೆ ಇಪ್ಪತ್ತು ಹಾಳೆಗಳೆಂದರೆ, ಒಂದೊಂದು ನೂರು ಗ್ರಾಮಿನ ಆಸುಪಾಸು ತೂಗಿದರೂ, ಎರಡು ಕಿಲೋ ಕಾಗದವನ್ನು ಬೆಟ್ಟದ ಮೇಲೆ ಹೊತ್ತಂತಾಯಿತು. ಊರಿನ ಹೊರವಲಯವನ್ನು ದಾಟುವುದಕ್ಕೋ ದುರ್ಗಮವಾದ ಒಂದು ಘಟ್ಟಕ್ಕೋ ಅಂಥ ಒಂದೆರಡು ಹಾಳೆಗಳಿದ್ದರೆ ಲೇಸು. ಇಡೀ ಪ್ರವಾಸವನ್ನು ಅವುಗಳ ಮೇಲೆ ನಡೆಸುವುದು ಭೂತಗನ್ನಡಿ ಹಿಡಿದು ಕಾದಂಬರಿ ಓದಿದಂತೆ.

ಇನ್ನೊಂದು ಬಗೆಯುಂಟು: ಪಟ್ಟಿ ನಕ್ಷೆ. ಆಸ್ಟ್ರಿಯದ ಎಸ್ಟರ್‌ಬಾವರ್ ಪ್ರಕಾಶನದ ತಂತಿ ಕಟ್ಟಿದ ಪುಸ್ತಕಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಡ್ಯಾನ್ಯೂಬ್ ನದಿಯ ದಡದಲ್ಲಿ ಪಾಸೌವಿನಿಂದ ವಿಯೆನ್ನಾದವರೆಗೆ ಹೋಗುವವರ ಹ್ಯಾಂಡಲಿನ ಮೇಲೆ ಇಂಥವು ಸಾಮಾನ್ಯವಾಗಿ ಕಾಣಸಿಗುತ್ತವೆ. ಪುಟಕ್ಕೊಂದು ತುಂಡು ದಾರಿ. ಪುಟ ತಿರುವಿದಂತೆ ಊರು ಬರುತ್ತದೆ. ಮೊದಲ ಸಲ ಹೊರಟವರಿಗೆ, ಮಕ್ಕಳೊಂದಿಗೆ ಹೊರಟವರಿಗೆ ಇದು ನಿಜವಾಗಿಯೂ ಉಪಯುಕ್ತ. ಆದರೆ ಪಟ್ಟಿಯ ಆಚೆಗೆ ಲೋಕವೇ ಇಲ್ಲ. ಮಳೆಯಿಂದ ನದಿ ಉಕ್ಕಿ ದಾರಿ ಮುಚ್ಚಿದರೆ, ಅಥವಾ ನದಿಯ ದಡವೇ ಬೇಸರವಾಗಿ ಪಕ್ಕದ ಗುಡ್ಡದ ಹಳ್ಳಿಯ ಮೇಲೆ ಮನಸ್ಸಾದರೆ, ಪುಸ್ತಕ ಮೌನ ವಹಿಸುತ್ತದೆ. ಫೋನಿನ ನೀಲಿ ಗೆರೆಗೂ ಈ ಪಟ್ಟಿಗೂ ಸ್ವಭಾವದಲ್ಲಿ ಭೇದವಿಲ್ಲ: ಎರಡೂ ಹಾದಿಯನ್ನು ಕೊಡುತ್ತವೆ, ನಾಡನ್ನು ಕೊಡುವುದಿಲ್ಲ.

ಮೋಟಾರಿಗಾಗಿ ಮಾಡಿದ ನಕ್ಷೆ ಸೈಕಲ್ಲಿಗೆ ಹೇಗೆ ಸಲ್ಲುತ್ತದೆ ಎಂದು ಕೇಳುವವರಿದ್ದಾರೆ. ಇತಿಹಾಸವನ್ನು ನೋಡಿದರೆ ಈ ಪ್ರಶ್ನೆ ಅಷ್ಟಾಗಿ ಉಳಿಯುವುದಿಲ್ಲ. ಫ್ರಾನ್ಸಿನ ಮಿಶೆಲಿನ್ ಸೋದರರು ಹೆಸರು ಮಾಡಿದ್ದು 1891ರಲ್ಲಿ, ಸೈಕಲ್ಲಿನ ಕಳಚಬಹುದಾದ ಗಾಳಿ ಟೈರಿನಿಂದ. ಅದೇ ವರ್ಷದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯವನ್ನು ಶಾರ್ಲ್ ತೆರೋಂ ಗೆದ್ದದ್ದು ಅವರ ಟೈರುಗಳ ಮೇಲೆಯೇ. ಜನ ಹೆಚ್ಚು ತಿರುಗಿದಷ್ಟೂ ಟೈರು ಹೆಚ್ಚು ಸವೆಯುತ್ತದೆಂಬ ವ್ಯಾಪಾರಿಯ ಜಾಣತನದಿಂದ ಅವರು ಪ್ರವಾಸದ ಕೈಪಿಡಿಯನ್ನೂ ಆಮೇಲೆ ನಕ್ಷೆಗಳನ್ನೂ ಹೊರತಂದರು. 1910ರಿಂದ 1913ರೊಳಗೆ ಫ್ರಾನ್ಸ್ ದೇಶವನ್ನೆಲ್ಲ ಎರಡು ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ 47 ಹಾಳೆಗಳಲ್ಲಿ ಅಚ್ಚು ಮಾಡಿದರು. ನಮ್ಮ ಮೊಳದ ಲೆಕ್ಕಕ್ಕೆ ಅದು ಸರಿಯಾಗಿ ಕೂಡುತ್ತದೆ. ಬ್ರಿಟನ್ನಿನಲ್ಲಂತೂ ಸಂಬಂಧ ಇನ್ನೂ ನಿಕಟವಾದದ್ದು. ಎಡಿನ್‌ಬರೋದ ಬಾರ್ಥಲೊಮ್ಯೂ ಸಂಸ್ಥೆ ಮೈಲಿಗೆ ಅರ್ಧ ಅಂಗುಲದ ಪ್ರಮಾಣದಲ್ಲಿ, ತಗ್ಗುನೆಲಕ್ಕೆ ಹಸಿರು, ಎತ್ತರಕ್ಕೆ ಕಂದು ಹೀಗೆ ಪದರಪದರವಾಗಿ ಬಣ್ಣ ಹಾಕಿ ತಂದ ಮಾಲೆಗೆ ದಾರಿಗಳ ತಿದ್ದುಪಡಿಯನ್ನು ಒದಗಿಸಿದವರು, 1878ರಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗಳ ಸಂಘದ ಸದಸ್ಯರು. ತುಳಿದವರೇ ತಿದ್ದಿದ ನಕ್ಷೆ ಅದು. ಕಣ್ಣು ಬಣ್ಣವನ್ನು ಕಂಡೊಡನೆ ಕಾಲಿಗೆ ಏರು ಗೊತ್ತಾಗುತ್ತಿತ್ತು. ಆ ಮಾಲೆ ಇಂದು ಅಚ್ಚಾಗುತ್ತಿಲ್ಲ. ಕೊಳ್ಳುವವರಿಲ್ಲದ ನಕ್ಷೆ ಸದ್ದಿಲ್ಲದೆ ಸಾಯುತ್ತದೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಆದರೂ ಮೋಟಾರಿನವನೂ ಸೈಕಲ್ಲಿನವನೂ ಒಂದೇ ಹಾಳೆಯನ್ನು ಬೇರೆ ಬೇರೆಯಾಗಿ ಓದುತ್ತಾರೆ. ಮಿಶೆಲಿನ್ ನಕ್ಷೆಯಲ್ಲಿ ಮುಖ್ಯ ರಸ್ತೆ ಕೆಂಪು, ಅದಕ್ಕೆ ಕಿರಿಯದು ಹಳದಿ, ಉಳಿದವು ಬಿಳಿ. ಮೋಟಾರಿನವನ ಕಣ್ಣು ಕೆಂಪನ್ನು ಹುಡುಕುತ್ತದೆ; ನಮ್ಮ ಕಣ್ಣು ಹಳದಿ ಬಿಳುಪುಗಳನ್ನು ಹುಡುಕಬೇಕು. ಕೆಂಪು ಎಂದರೆ ಲಾರಿ, ಹೊಗೆ, ಸದ್ದು. 'ಎ' ಅಕ್ಷರದ ಮೋಟಾರು ಹೆದ್ದಾರಿಗಳಲ್ಲಿ ಸೈಕಲ್ಲಿಗೆ ಪ್ರವೇಶವೇ ಇಲ್ಲ. ರಸ್ತೆಯ ಮಗ್ಗುಲಿಗೆ ಹಸಿರು ಗೆರೆ ಕಂಡರೆ ಅದು ನೋಟಕ್ಕೆ ರಮ್ಯವಾದ ದಾರಿ ಎಂದರ್ಥ. ಆ ಗೆರೆಯ ಮಾತನ್ನು ನಾನು ಬಹುಮಟ್ಟಿಗೆ ನಂಬುತ್ತೇನೆ.

ಎಲ್ಲಕ್ಕಿಂತ ಮಿಗಿಲಾದದ್ದು ಏರಿನ ಗುರುತು. ಮಿಶೆಲಿನ್ ನಕ್ಷೆಯಲ್ಲಿ ರಸ್ತೆಯ ಮೇಲೆ ಒಂದು ಬಾಣದ ತುದಿ ಇದ್ದರೆ ನೂರಕ್ಕೆ 5ರಿಂದ 9ರ ಏರು, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಕಡಿದು. ಬಾಣದ ಮೊನೆ ಏರುವ ದಿಕ್ಕಿಗೆ. ಬ್ರಿಟಿಷ್ ಸರ್ವೆಯ ಹಾಳೆಯಲ್ಲೂ ಬಾಣದ ತುದಿಗಳುಂಟು. ಆದರೆ ಅಲ್ಲಿ ಅವು ಶುರುವಾಗುವುದೇ ನೂರಕ್ಕೆ 14ರಿಂದ, ಮೊನೆಯಿರುವುದು ಇಳಿಯುವ ದಿಕ್ಕಿಗೆ. ಒಂದೇ ಸಂಕೇತಕ್ಕೆ ಒಂದು ಕಡಲ್ಗಾಲುವೆಯ ಎರಡು ದಡಗಳಲ್ಲಿ ಎರಡು ವಿರುದ್ಧ ಅರ್ಥ! ಫ್ರಾನ್ಸಿನಲ್ಲಿ ಪಳಗಿದವನು ಬ್ರಿಟನ್ನಿಗೆ ಹೋಗಿ, ಬಾಣವಿಲ್ಲದ ರಸ್ತೆಯನ್ನು ಸಮತಟ್ಟೆಂದು ತಿಳಿದರೆ, ನೂರಕ್ಕೆ 12ರ ಏರಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗಬೇಕಾದೀತು. ಅಲ್ಲಿ ಓದಬೇಕಾದದ್ದು ಸಮೋನ್ನತಿ ರೇಖೆಗಳನ್ನು. ಹತ್ತು ಮೀಟರಿಗೊಂದರಂತೆ ಎಳೆದ ಆ ರೇಖೆಗಳು ರಸ್ತೆಯನ್ನು ಎರಡೆರಡು ಮಿಲಿಮೀಟರಿಗೊಮ್ಮೆ ದಾಟಿದರೆ ಏರು ನೂರಕ್ಕೆ ಹತ್ತು. ನಾಲ್ಕು ಮಿಲಿಮೀಟರಿಗೊಮ್ಮೆಯಾದರೆ ನೂರಕ್ಕೆ ಐದು. ಮಿಶೆಲಿನ್ನಿನಲ್ಲಿ ಈ ರೇಖೆಗಳಿಲ್ಲ, ಬೆಟ್ಟಗಳ ನೆರಳು ಮತ್ತು ಅಲ್ಲಲ್ಲಿ ಎತ್ತರದ ಅಂಕಿಗಳು ಮಾತ್ರ. ಏರಿನ ಸೂಕ್ಷ್ಮ ಬೇಕೆನ್ನುವವರು ಫ್ರಾನ್ಸಿನ ಸರ್ಕಾರಿ ಭೂಮಾಪನ ಸಂಸ್ಥೆಯಾದ ಐಜಿಎನ್‌ನ ಲಕ್ಷಕ್ಕೆ ಒಂದರ ಹಾಳೆಯನ್ನು ನೋಡಬಹುದು. ಅದರಲ್ಲಿ ರೇಖೆಗಳುಂಟು, ದಾರಿ ಮಾತ್ರ ಎರಡು ಮೊಳಕ್ಕೆ ಹತ್ತಿರವಾಗುತ್ತದೆ. ಆದ್ದರಿಂದ ಯಾವ ನಕ್ಷೆಯನ್ನೇ ಕೊಳ್ಳಲಿ, ಮೂಲೆಯಲ್ಲಿರುವ ಸಂಕೇತಗಳ ಪಟ್ಟಿಯನ್ನು ಮನೆಯಲ್ಲೇ ಕುಳಿತು ಪಾಠದಂತೆ ಓದಬೇಕು.

ಇದೆಲ್ಲ ಪಾಂಡಿತ್ಯ ಪ್ರದರ್ಶನಕ್ಕಾಗಿ ಅಲ್ಲವೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಫ್ರಾನ್ಸಿನ ದಕ್ಷಿಣದಲ್ಲಿ, ಪ್ರೊವಾನ್ಸ್ ಸೀಮೆಯಲ್ಲಿ, ವಾಂಟೂ ಎಂಬ ಬೋಳು ನೆತ್ತಿಯ ಬೆಟ್ಟವಿದೆ. ಎತ್ತರ ಸುಮಾರು 1,910 ಮೀಟರು. 1967ರ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಟಾಮ್ ಸಿಂಪ್ಸನ್ ಎಂಬ ಇಂಗ್ಲಿಷ್ ಸವಾರ ಪ್ರಾಣಬಿಟ್ಟದ್ದು ಅದರ ಇಳುಕಲಿನ ಮೇಲೆಯೇ. ಸೈಕಲ್ ಪ್ರವಾಸಿಗಳಿಗೆ ಅದೊಂದು ಯಾತ್ರಾಸ್ಥಳ. ಬೆಟ್ಟದ ಬುಡದ ಬೆದ್ವಾಂ ಹಳ್ಳಿಯಿಂದ ಶಿಖರಕ್ಕೆ ಸುಮಾರು 21 ಕಿಲೋಮೀಟರು. ಅಷ್ಟರಲ್ಲಿ ಸುಮಾರು 1,600 ಮೀಟರು ಏರಬೇಕು. ಪೂರ್ವದ ಸೋ ಎಂಬ ಊರಿನಿಂದ ಹೊರಟರೆ ಸುಮಾರು 26 ಕಿಲೋಮೀಟರು. ಊರೇ 700 ಮೀಟರಿಗೆ ಮೇಲ್ಪಟ್ಟು ಇರುವುದರಿಂದ ಏರು ಅಷ್ಟಕ್ಕಷ್ಟೇ ಕಡಿಮೆ, ದಾರಿಯೂ ಸೌಮ್ಯ. ಉತ್ತರದ ಮಲೋಸೆನ್ನಿನಿಂದ ಮೂರನೆಯ ದಾರಿ. ಇನ್ನು, ಬೆಟ್ಟವನ್ನು ಹತ್ತಲೇಬೇಕೆಂಬ ಹಟವಿಲ್ಲದವನಿಗೆ, ದಕ್ಷಿಣದ ತಪ್ಪಲಿನಲ್ಲಿ ನೆಸ್ಕ್ ನದಿಯ ಕಂದರವನ್ನು ಅನುಸರಿಸಿ ಮೆಲ್ಲಗೆ ಏರುತ್ತ ಸೋ ಊರನ್ನು ಮುಟ್ಟುವ ಹಸಿರು ಗೆರೆಯ ರಸ್ತೆಯೊಂದಿದೆ.

ಈಗ ಬೆದ್ವಾಂನಲ್ಲಿ ಬೆಳಗಾದ, ಐವತ್ತು ದಾಟಿದ ಮೊಣಕಾಲಿನ ಪ್ರವಾಸಿಯೊಬ್ಬನನ್ನು ಕಲ್ಪಿಸಿಕೊಳ್ಳಿ. 'ಶಿಖರಕ್ಕೆ ದಾರಿ ತೋರಿಸು' ಎಂದು ಯಂತ್ರವನ್ನು ಕೇಳಿದರೆ ಅದು ವಿಧೇಯತೆಯಿಂದ ಮುಂದಿನ ರಸ್ತೆಯನ್ನು ತೋರಿಸುತ್ತದೆ. ಅದರಲ್ಲಿ ಅದರ ತಪ್ಪೇನೂ ಇಲ್ಲ; ಕೇಳಿದ್ದನ್ನು ಹೇಳಿತು. ಆದರೆ ಒಂದು ಹಾಳೆಯನ್ನು ಮಡಿಲ ಮೇಲೆ ಹರಡಿಕೊಂಡವನಿಗೆ ಮೂರು ದಾರಿಗಳು, ನಾಲ್ಕನೆಯದಾಗಿ ಬೆಟ್ಟವನ್ನು ಬಳಸಿ ಹೋಗುವ ಕಂದರ, ಯಾವ ರಸ್ತೆಯಲ್ಲಿ ಎಷ್ಟು ಬಾಣಗಳು, ಎಲ್ಲಿ ಊರುಗಳು ಮುಗಿದು ಬರಿ ಬೆಟ್ಟ ಉಳಿಯುತ್ತದೆ, ಎಲ್ಲವೂ ಕೇಳದೆಯೇ ಕಾಣುತ್ತವೆ. ಇಂದು ಕಂದರದಲ್ಲಿ ಹೋಗಿ ಸೋದಲ್ಲಿ ಉಳಿದು, ನಾಳೆ ತಂಪು ಹೊತ್ತಿನಲ್ಲಿ ಸೌಮ್ಯವಾದ ಮಗ್ಗುಲಿನಿಂದ ಹತ್ತಿದರಾಯಿತು ಎಂಬ ವಿವೇಕ ಅವನಿಗೆ ಹೊಳೆಯುವುದು ಹಾಳೆಯ ಮೇಲೆ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದೇ ಒಳ್ಳೆಯ ನಕ್ಷೆಯ ಲಕ್ಷಣ. ಸೈಕಲ್ ಪ್ರವಾಸದಲ್ಲಿ ಹಟಕ್ಕಿಂತ ವಿವೇಕವೇ ಪ್ರಾಣವನ್ನು ಕಾಯುತ್ತದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು, ನನಗೆ ಇದು ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಇಬ್ಬರೋ ಮೂವರೋ ಕೂಡಿ ಪ್ರವಾಸ ಹೊರಟಾಗ, ಫೋನು ಒಬ್ಬರ ಕೈಯಲ್ಲಿರುತ್ತದೆ. ಕ್ರಮೇಣ ಅವರು ಮುಂದಾಳಾಗುತ್ತಾರೆ, ಉಳಿದವರು ಹಿಂಬಾಲಕರಾಗುತ್ತಾರೆ. ಗಂಡ ಮುಂದೆ, ಹೆಂಡತಿ ಹಿಂದೆ. ಎಲ್ಲಿಗೆ ಹೋಗುತ್ತಿದ್ದೇವೆಂದು ಆಕೆಗೆ ತಿಳಿಯುವುದು ಊರು ಬಂದ ಮೇಲೆ. ಹಾಳೆಯನ್ನು ಮೇಜಿನ ಮೇಲೆ ಹರಡಿದಾಗ ಮಾತ್ರ ಎಲ್ಲರ ತಲೆಗಳೂ ಅದರ ಮೇಲೆ ಬಾಗುತ್ತವೆ, ಎಲ್ಲರ ಬೆರಳುಗಳೂ ಓಡಾಡುತ್ತವೆ. 'ಇದೇಕೆ, ಈ ಕೆರೆಯ ಕಡೆಗೆ ಹೋಗಬಾರದೆ?' ಎನ್ನಲು ಹಿಂದಿನವರಿಗೂ ಅಧಿಕಾರ ಬರುತ್ತದೆ. ಭಾಷೆ ಬಾರದ ಹಳ್ಳಿಗನೊಬ್ಬ ಪಕ್ಕಕ್ಕೆ ಬಂದು ನಿಂತರೆ, ಅವನೂ ತನ್ನ ಬೆರಳನ್ನಿಟ್ಟು, ಒಂದು ದಾರಿಗೆ ತಲೆಯಾಡಿಸಿ, ಇನ್ನೊಂದಕ್ಕೆ ಕೈಯಾಡಿಸಿ, ತನ್ನ ಅಭಿಪ್ರಾಯವನ್ನು ಸೇರಿಸುತ್ತಾನೆ. ಬೇರೊಬ್ಬರ ಫೋನಿನ ಗಾಜನ್ನು ಮುಟ್ಟಲು ಅಷ್ಟು ಸಲೀಸಾಗಿ ಯಾರೂ ಮುಂದೆ ಬರುವುದಿಲ್ಲ.

ಕಾಗದದ ದೋಷಗಳನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅದು ನೆನೆಯುತ್ತದೆ, ಹರಿಯುತ್ತದೆ, ಗಾಳಿಗೆ ಹಾರುತ್ತದೆ. ಎರಡು ಮಗ್ಗುಲಿಗೂ ಅಚ್ಚಾದ ಹಾಳೆಯಲ್ಲಿ ನಮ್ಮ ದಾರಿ ಸರಿಯಾಗಿ ನಡುಮಧ್ಯದಲ್ಲಿ ಬೆನ್ನು ತಿರುಗಿಸಿಕೊಳ್ಳುತ್ತದೆ. ಮಿಗಿಲಾಗಿ, ಅದಕ್ಕೆ ವಯಸ್ಸಾಗುತ್ತದೆ. ಫ್ರಾನ್ಸಿನಲ್ಲಿ 2004ರ ಕಾನೂನಿನಂತೆ, 2006ರಲ್ಲಿ ಸುಮಾರು 18,000 ಕಿಲೋಮೀಟರು ರಾಷ್ಟ್ರೀಯ ರಸ್ತೆಗಳು ಜಿಲ್ಲಾಡಳಿತಗಳ ವಶಕ್ಕೆ ಬಂದವು. ಬಂದೊಡನೆ ಸಂಖ್ಯೆಗಳೂ ಬದಲಾದವು. ನೆಪೋಲಿಯನ್ನನ ಹೆಸರಿನ ಪ್ರಸಿದ್ಧ ಎನ್ 85 ರಸ್ತೆ ಈಗ ಇಜೇರ್ ಜಿಲ್ಲೆಯಲ್ಲಿ ಡಿ 1085, ಸಮುದ್ರದ ಕಡೆಯ ಜಿಲ್ಲೆಯಲ್ಲಿ ಡಿ 6085. ಹಳೆಯ ಪುಸ್ತಕದಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು 2006ಕ್ಕಿಂತ ಹಿಂದಿನ ಹಾಳೆಯನ್ನು ಕೊಂಡವನಿಗೆ, ಕವಲುದಾರಿಯ ಫಲಕ ಒಂದು ಹೇಳಿದರೆ ಕೈಯಲ್ಲಿನ ನಕ್ಷೆ ಇನ್ನೊಂದು ಹೇಳುತ್ತದೆ. ಆದ್ದರಿಂದ ಮುಖಪುಟದ ಚಿತ್ರವನ್ನು ನೋಡುವ ಮೊದಲು ಅಚ್ಚಾದ ವರ್ಷವನ್ನು ನೋಡಬೇಕು. ಇನ್ನು, ಬೇಡದ ಅಂಚುಗಳನ್ನು ಕತ್ತರಿಯಿಂದ ಕತ್ತರಿಸಲು ಸಂಕೋಚಪಡಬೇಕಾಗಿಲ್ಲ. ನಕ್ಷೆ ಪೂಜೆಗಿಡುವ ಗ್ರಂಥವಲ್ಲ. ಕೊಡೆಯಂತೆ, ಚಪ್ಪಲಿಯಂತೆ, ಬಳಸಿ ಸವೆಸಬೇಕಾದ ವಸ್ತು.

ನಮ್ಮವರಿಗೆ ಈ ವಿದ್ಯೆ ಏಕೆ ಅಷ್ಟಾಗಿ ರೂಢಿಯಾಗಲಿಲ್ಲ ಎಂದು ನಾನು ಯೋಚಿಸಿದ್ದುಂಟು. ಸೋಮಾರಿತನ ಎನ್ನಲಾಗದು. ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದದ್ದು 1800ರಲ್ಲಿ. ಟಿಪ್ಪು ಮಡಿದ ಮೇಲೆ ಮೆಕೆಂಜಿ ಮೈಸೂರು ಸೀಮೆಯ ಸರ್ವೆಯನ್ನು ಕೈಗೊಂಡದ್ದೂ ಆ ಕಾಲದಲ್ಲೇ. ನಮ್ಮ ನೆಲವನ್ನು ಅಳೆದವರು ಬಹಳ ಹಿಂದೆಯೇ ಅಳೆದರು. ಆದರೆ ಅಳತೆಯ ಫಲ ಆಳುವವರ ಕಪಾಟಿನಲ್ಲಿ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೂ ಗಡಿ ಮತ್ತು ಕರಾವಳಿಯ ದೊಡ್ಡ ಪ್ರಮಾಣದ ಹಾಳೆಗಳು ದಶಕಗಳ ಕಾಲ ಸಾಮಾನ್ಯರಿಗೆ ನಿಷಿದ್ಧವಾಗಿದ್ದವು. ಸೈನ್ಯಕ್ಕೊಂದು, ಜನಕ್ಕೊಂದು ಎಂದು ಎರಡು ಮಾಲೆಗಳಾದದ್ದು 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ. ನಿರ್ಬಂಧಗಳು ಹೆಚ್ಚಾಗಿ ಸಡಿಲಗೊಂಡದ್ದು 2021ರಲ್ಲಿ. ನಕ್ಷೆಯನ್ನು ಕೈಯಲ್ಲಿ ಹಿಡಿದವನನ್ನು ಅನುಮಾನದಿಂದ ನೋಡುವ ನಾಡಿನಲ್ಲಿ ನಕ್ಷೆಯ ಪ್ರೀತಿ ಬೆಳೆಯುವುದು ಹೇಗೆ? ನಾವು ದಾರಿಯನ್ನು ಕೇಳಿಕೊಂಡು ಹೋಗುವುದನ್ನು ಕಲಿತೆವು. ಅದು ಒಳ್ಳೆಯ ವಿದ್ಯೆಯೇ. ಆದರೆ ಕೇಳುವುದಕ್ಕೆ ಮುಂಚೆ, ಏನನ್ನು ಕೇಳಬಹುದೆಂದು ತಿಳಿದಿರಬೇಡವೆ?

ಆದ್ದರಿಂದ ಪರದೇಶದಲ್ಲಿ ತುಳಿಯಹೊರಟ ಕನ್ನಡಿಗ ಮಿತ್ರರಿಗೆ ನನ್ನ ಸಲಹೆ ಇಷ್ಟೆ. ಇಡೀ ನಾಡಿನ ಚಿತ್ರಕ್ಕೆ ಸಣ್ಣ ಪ್ರಮಾಣದ ಒಂದು ಹಾಳೆ ಮನೆಯ ಗೋಡೆಯ ಮೇಲಿರಲಿ. ದಿನದ ದಾರಿ ಒಂದು ಮೊಳಕ್ಕೆ ಬರುವಂಥ ಮೂರು ನಾಲ್ಕು ಹಾಳೆಗಳು ಚೀಲದಲ್ಲಿರಲಿ. ಫೋನು ಜೇಬಿನಲ್ಲಿರಲಿ, ದಾರಿ ತಪ್ಪಿದಾಗ ಉಪಕಾರಕ್ಕೆ ಬರಲಿ. ದಾರಿಯನ್ನು ಆರಿಸುವ ಕೆಲಸವನ್ನು ಮಾತ್ರ ಅದಕ್ಕೆ ವಹಿಸಬೇಡಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಕ್ಷೆ ಬಲ್ಲವನಿಗೆ ಏರುಗಳಿಲ್ಲವೆಂದು ನಾನು ಹೇಳಲಾರೆ. ಏರುಗಳು ಇದ್ದೇ ಇರುತ್ತವೆ. ಆದರೆ ಅವನು ಹತ್ತುವ ಏರು ಅವನೇ ಆರಿಸಿಕೊಂಡದ್ದಾಗಿರುತ್ತದೆ. ಅಂಥ ಏರಿನಲ್ಲಿ ಬೆವರು ಸುರಿದರೂ ಮನಸ್ಸು ಬಳಲುವುದಿಲ್ಲ.